ಪೆಟ್ಟಿಗೆಗೆ ಇಟ್ಟ ನಾಮ

ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯ ಚಿಕ್ಕವೆಂಕಟಪ್ಪನವರು ಹೊಸ ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದದ್ದೇ ತಪ್ಪಾಯಿತು.

ಪೆಟ್ಟಿಗೆ ಕೊಂಡದ್ದು ಒಂದು ಕೌದಿಗಾಗಿ. ಮಗಳು ಕವಿತ ಬಸುರಿ ಎಂದು ತಿಳಿದ ದಿನವೇ ಅವರ ಹೆಂಡತಿ ಅಮ್ಮಯಮ್ಮ ತಮ್ಮ ಹಳೆಯ ಸೀರೆಗಳನ್ನು ಕತ್ತರಿಸಿ, ಹುಟ್ಟುವ ಕೂಸಿಗೆಂದು ಹೊಲಿಯಲು ಕೂತಿದ್ದರು. ಅಂಚು ಮುಗಿಸಿದ ವಾರದಲ್ಲೇ ದೇವರ ಪಾದ ಸೇರಿದರು. ಇವತ್ತು ಸಂಜೆ ತ್ಯಾಮಗೊಂಡ್ಲಿನ ಬೀಗರ ಮನೆಯಲ್ಲಿ ಕೂಸಿಗೆ ನಾಮಕರಣ. ಅದು ಅಜ್ಜಿಯ ಕೌದಿಯ ಮೇಲೆಯೇ ತೊಟ್ಟಿಲಲ್ಲಿ ಮಲಗಬೇಕು. ಚಿಕ್ಕವೆಂಕಟಪ್ಪನವರಿಗೆ ಬೇರೆ ಆಸೆ ಉಳಿದಿರಲಿಲ್ಲ.

ಆದರೆ ಟ್ರಂಕಿನಲ್ಲಿದ್ದ ಕೌದಿ ಅವರ ಹಣೆಗಿಂತ ಹೆಚ್ಚು ಸುಕ್ಕಾಗಿತ್ತು. ಮನೆಯ ಹಳೆಯ ಪೆಟ್ಟಿಗೆ ಅದರ ಮೇಲೆ ಸುಮ್ಮನೆ ವಾಕಿಂಗ್ ಮಾಡಿ ಬಂತು. ಹಾಗಾಗಿ ಬೆಳಿಗ್ಗೆಯೇ ದೊಡ್ಡಬಳ್ಳಾಪುರದ ಅಂಗಡಿಗೆ ಹೋದರು.

"ದಪ್ಪ ಹೊಲಿಗೆಗೆ ಹಗುರದ್ದು ಬರಲ್ಲ ಯಜಮಾನ್ರೇ, ಭಾರದ್ದು, ಹಬೆ ಬರೋದು ತಗೊಳ್ಳಿ" ಎಂದ ಅಂಗಡಿಯವನು. "ಕೌದೀನ ಉಜ್ಜಬಾರ್ದು. ಎಳೆದು ವಕ್ರ ಆಗುತ್ತೆ. ಇಟ್ಟು, ಒತ್ತಿ, ಎತ್ತಬೇಕು. ತಳ ಮಾತ್ರ ಕನ್ನಡಿ ಥರ ಇಟ್ಕೊಳ್ಳಿ."

ಪೆಟ್ಟಿಗೆ ಮನೆಗೆ ಬರುವುದಕ್ಕೂ ಪಕ್ಕದ ಮನೆಯ ಪಿಳ್ಳಮ್ಮ ಒಳಗೆ ಬರುವುದಕ್ಕೂ ಸರಿಹೋಯಿತು.

"ಪೂಜೆ ಮಾಡ್ದೆ ಕರೆಂಟ್ ಕೊಡ್ತೀಯೇನಣ್ಣಾ? ಹೋಗು, ಸ್ನಾನ ಮಾಡ್ಕೊಂಡ್ ಬಾ. ಅಷ್ಟರಲ್ಲಿ ನಾನು ಪೂಜೆ ಮಾಡಿರ್ತೀನಿ."

ದೈವಭಕ್ತರಾದ ಚಿಕ್ಕವೆಂಕಟಪ್ಪನವರು ತಲೆಗೆ ನೀರು ಹಾಕಿಕೊಂಡು ಬಂದು, ಪೆಟ್ಟಿಗೆಯ ಮೇಲಿದ್ದ ಹೂವು ಕಣ್ಣಿಗೊತ್ತಿಕೊಂಡು, ಕೌದಿಯ ನಡುವಿನ ಕಡುನೀಲಿ ಸೀರೆಯ ತುಂಡಿನ ಮೇಲೆ ಹೇಳಿಕೊಟ್ಟಂತೆ ಇಟ್ಟರು, ಒತ್ತಿದರು, ಎತ್ತಿದರು.

ನೀಲಿಯ ಮೇಲೆ ಅಂಗೈಯಗಲದ ಬಿಳಿ ನಾಮ ಬಿದ್ದಿತ್ತು. ನಡುವೆ ಕೆಂಪು ಗೀರು. ಉಜ್ಜಿದ್ದರೆ ಕಲೆಯಾಗುತ್ತಿತ್ತು, ಒತ್ತಿದ್ದರಿಂದ ಸ್ವಾಮಿಯ ಹಣೆಯೇ ಆಗಿತ್ತು.

"ಗೋವಿಂದಾ!" ಎಂದು ಪಿಳ್ಳಮ್ಮ ಬೀದಿಗೆ ಕೇಳುವಂತೆ ಕೂಗಿದಳು.

"ಪೆಟ್ಟಿಗೆ ತಳಕ್ಕೆ ನೀನೇ ಅಲ್ವೇನಮ್ಮಾ ನಾಮ ಬಳ್ದಿದ್ದು?"

"ನಾನು ಬಳ್ದಿದ್ದು ಪೆಟ್ಟಿಗೇಗೆ ಕಣಣ್ಣಾ. ಬಟ್ಟೆ ಮೇಲೆ ಬಂದೋನು ಅವನು! ಅದೂ ನೀಲಿ ಬಣ್ಣಾನೇ ಹುಡುಕ್ಕೊಂಡು ಬಂದವ್ನೆ."

ಕಾಫಿ ಆರುವಷ್ಟರಲ್ಲಿ ಅಂಗಳ ತುಂಬಿತು. ಮೊಬೈಲುಗಳು ಮೇಲೆದ್ದವು. ಭಜನೆ ಮಂಡಳಿಯ ಗೋಪಾಲಪ್ಪ ಕೌದಿಯನ್ನು ಕುರ್ಚಿಯ ಮೇಲೆ ಹರಡಿ ಕರ್ಪೂರ ಹಚ್ಚಿದ. ಪ್ರತಿ ಕಿಡಿಗೂ ಚಿಕ್ಕವೆಂಕಟಪ್ಪನವರ ಜೀವ ಹಾರಿತು.

"ಗೋಪಾಲಪ್ಪಾ, ಇದು ನನ್ನ ಮೊಮ್ಮಗೂದು ಕಣಪ್ಪಾ. ಬಸ್ಸಿಗೆ ಹೊತ್ತಾಯ್ತು."

"ಇನ್ನೆಲ್ಲಿ ಮೊಮ್ಮಗು? ಇದು ಊರಿನ ದೇವ್ರು. ಗಾಜು ಹಾಕ್ಸಿ ಭಜನೆ ಮನೇಲಿ ನೇತಾಕ್ತೀವಿ."

ಇದು ಬರೀ ನಾಮದ ಮಣ್ಣು ಎಂದು ಅವರು ಮೂರು ಜನರಿಗೆ ಹೇಳಿದರು. ಮೂವರೂ ಕೆನ್ನೆ ಬಡಿದುಕೊಂಡರು. ನಿಜ ಹೇಳಿ ಪ್ರಯೋಜನವಿಲ್ಲವೆಂದು ತಿಳಿದ ಮೇಲೆ ಅವರು ಭಕ್ತಿಯನ್ನೇ ಹಿಡಿದರು.

"ಅಲ್ಲಾ ಗೋಪಾಲಪ್ಪಾ, ಸ್ವಾಮಿ ಮನೆಗೆ ಬಂದವ್ರೆ, ತಲೆ ಮೇಲೆ ಒಂದು ತಂಬಿಗೆ ನೀರಿಲ್ಲ. ಅಭಿಷೇಕ ಮಾಡ್ದೆ ಆರತಿ ಎತ್ತೋದು ಯಾವೂರು ಶಾಸ್ತ್ರ?"

ಗೋಪಾಲಪ್ಪನ ಮುಖ ಸಣ್ಣದಾಯಿತು. ಬಿಂದಿಗೆಗಳು ಬಂದವು. ನೀರು ಬಿದ್ದ ಹಾಗೆಲ್ಲ ನಾಮ ತೆಳ್ಳಗಾಗಿ, ಕೌದಿಯಿಂದ ಕುರ್ಚಿಗೆ, ಕುರ್ಚಿಯಿಂದ ಅಂಗಳಕ್ಕೆ, ಅಂಗಳದಿಂದ ಚರಂಡಿಗೆ ಇಳಿಯಿತು. ಜನ ಗರಬಡಿದಂತೆ ನಿಂತರು.

"ಸ್ವಾಮಿ ಬೆಟ್ಟಕ್ಕೆ ಹೊರಟ್ರು ಕಣ್ರಪ್ಪಾ" ಎಂದು ಪಿಳ್ಳಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಉಳಿದವರು ಬಾಟಲಿಗಳಲ್ಲಿ ತೀರ್ಥ ಹಿಡಿದುಕೊಂಡು ಮನೆಗೆ ಹೋದರು.

ಚಿಕ್ಕವೆಂಕಟಪ್ಪನವರು ಬಾಗಿಲು ಹಾಕಿ, ಪೆಟ್ಟಿಗೆಯ ತಳ ಒರೆಸಿ, ಕೌದಿ ಹಿಂಡಿ, ಒಣಗುವವರೆಗೂ ಒತ್ತಿದರು. ಅಮ್ಮಯಮ್ಮನ ಹೊಲಿಗೆ ಒಂದೊಂದೂ ಎದ್ದು ಕಂಡಿತು. ಅದನ್ನು ಎದೆಗವಚಿಕೊಂಡು ಬಸ್ಸು ಹತ್ತಿದರು.

ಬೀಗರ ಬಾಗಿಲಲ್ಲಿ ಬೀಗಿತ್ತಿ ಮುನಿರತ್ನಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು. ಹಿಂದೆ ನೆಂಟರೆಲ್ಲ ಕೈ ಜೋಡಿಸಿದ್ದರು. ತಮಗೆ ಇಷ್ಟು ಮರ್ಯಾದೆಯೇ ಎಂದು ಚಿಕ್ಕವೆಂಕಟಪ್ಪನವರು ಹಿಗ್ಗಿದರು.

"ಬೀಗರೇ, ಮೊಬೈಲಲ್ಲಿ ನೋಡಿದ್ವಿ. ಬಿಚ್ಚಿ, ಸ್ವಾಮಿ ದರ್ಶನ ಆಗ್ಲಿ!"

ಅವರು ಕೌದಿ ಬಿಡಿಸಿದರು. ಕಡುನೀಲಿ ನಿರ್ಮಲವಾಗಿತ್ತು.

"ಅಯ್ಯಯ್ಯೋ, ಎಲ್ಲಿ?"

"ತೊಳೆದೋಯ್ತು ತಾಯಿ. ಇನ್ನು ಕೂಸನ್ನ ಮಲಗಿಸ್ಬೋದು."

"ಏನಂದ್ರಿ? ಸ್ವಾಮಿ ಎದ್ದುಹೋದ ಬಟ್ಟೆ ಮೇಲೆ ನಮ್ಮ ಕೂಸನ್ನ ಮಲಗಿಸೋದಾ?"

ಚಿಕ್ಕವೆಂಕಟಪ್ಪನವರು ಕೌದಿಯನ್ನು ಮತ್ತೆ ಎದೆಗೆ ಎಳೆದುಕೊಂಡರು. "ಹಂಗಾದ್ರೆ, ಸ್ವಾಮಿ ಇದ್ದಿದ್ರೆ ಮಲಗಿಸ್ತಿದ್ರಾ?"

"ಥೂ, ಬಿಡ್ತು ಅನ್ನಿ!" ಎಂದು ಮುನಿರತ್ನಮ್ಮ ಕೆನ್ನೆ ಬಡಿದುಕೊಂಡರು. "ದೇವ್ರ ಮೇಲೆ ಕೂಸು ಉಚ್ಚೆ ಹುಯ್ಯಕ್ಕೆ ಬಿಡ್ತಾರಾ?"

ಕೂಸು ಕರಡಿ ಚಿತ್ರವಿದ್ದ ಅಂಗಡಿಯ ಕಂಬಳಿಯ ಮೇಲೆ ಮಲಗಿ ನಿದ್ದೆಹೋಯಿತು. ಅಮ್ಮಯಮ್ಮನ ಕೌದಿ ಒಂದು ಸುಕ್ಕೂ ಇಲ್ಲದೆ ಚಿಕ್ಕವೆಂಕಟಪ್ಪನವರ ತೊಡೆಯ ಮೇಲೆ ಕೂತಿತ್ತು.