ನಮ್ಮಾಕಿ ಕಟ್ಟಿದ ಕ್ಯಾಮೆರಾ ಪೆಟ್ಟಿಗೆ

ಫೋಟೋ ತೆಗೆಯುವುದು ಏನೂ ಕಷ್ಟವಲ್ಲ. ಫೋಟೋದ ಸಾಮಾನು ಹೊತ್ತುಕೊಂಡು ಊರೂರು ತಿರುಗುತ್ತೀವಲ್ಲ, ಎಲ್ಲ ಫಜೀತಿ ಇರೋದು ಅಲ್ಲಿ. ಗದಗಿನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇತ್ತು. ಎಪ್ಪತ್ತು-ಎಂಬತ್ತರ ದಶಕದಲ್ಲಿ ಸುತ್ತಲಿನ ಊರುಗಳ ಮದುವೆ, ಶಾಲೆಯ ಗ್ರೂಪ್ ಫೋಟೋ ಅಂತ ನಾನು ಹೋಗದ ವಾರವೇ ಇರಲಿಲ್ಲ. ಹೋದಲ್ಲಿ ಏನಾದರೊಂದು ಆಗದ ವಾರವೂ ಇರಲಿಲ್ಲ.

ಮದುವೆಗೆ ಮುಂಚೆ ನನ್ನ ಸಾಮಾನು ನಾನೇ ಕಟ್ಟಿಕೊಳ್ಳುತ್ತಿದ್ದೆ. ಒಂದು ಊರಿಗೆ ಕ್ಯಾಮೆರಾ ಮುಟ್ಟಿದರೆ ಅದರ ಸ್ಟ್ಯಾಂಡು ಮನೆಯಲ್ಲೇ ಉಳಿದಿರುತ್ತಿತ್ತು. ಆಮೇಲೆ ಬೆಟಗೇರಿಯ ನೇಕಾರರ ಮನೆಯ ಮಗಳು ನನ್ನ ಹೆಂಡತಿಯಾಗಿ ಬಂದಳು. ನೂರು ಸೀರೆಗಳನ್ನು ಒಂದು ಸುಕ್ಕೂ ಬೀಳದಂತೆ ಒಂದೇ ಗಂಟಿನಲ್ಲಿ ಕಟ್ಟುವ ಅಪ್ಪನ ಕೈಕೆಳಗೆ ಬೆಳೆದವಳು. ಬಂದ ಎಂಟನೇ ದಿನ ನನ್ನ ತಗಡಿನ ಪೆಟ್ಟಿಗೆ ತೆಗೆದು ನೋಡಿದಳು. ಎಲ್ಲವನ್ನೂ ನೆಲಕ್ಕೆ ಸುರಿದು ಮೊದಲಿಂದ ಜೋಡಿಸಿದಳು. ಅವತ್ತಿನಿಂದ ಅದು ನಮ್ಮಾಕಿಯ ಪೆಟ್ಟಿಗೆ. ನಾನು ಬರೀ ಹೊರುವವನು.

ಮುಂಡರಗಿಯ ಚುರಮುರಿ

ಆಗಿನ ಫ್ಲ್ಯಾಶಿಗೆ ಒಂದು ಫೋಟೋಕ್ಕೆ ಒಂದು ಗಾಜಿನ ಬಲ್ಬು ಬೇಕಾಗುತ್ತಿತ್ತು. ಒಮ್ಮೆ ಮಿಂಚಿತೆಂದರೆ ಅದರ ಕೆಲಸ ಮುಗೀತು. ಬಸ್ಸಿನ ಕುಲುಕಾಟಕ್ಕೆ ಅವು ಅರ್ಧಕ್ಕರ್ಧ ಒಡೆಯುತ್ತಿದ್ದವು. ನಮ್ಮಾಕಿ ಒಂದು ದೊಡ್ಡ ಡಬ್ಬಿ ತಗೊಂಡು ಅದರ ತುಂಬ ಚುರಮುರಿ, ಅಂದರೆ ಮಂಡಕ್ಕಿ, ಹಾಕಿ, ನಡುವೆ ಇಪ್ಪತ್ನಾಲ್ಕು ಬಲ್ಬು ಹೂತಿಟ್ಟಳು. "ಹೊರಾಕೂ ಹಗೂರ, ಹಸಿವಾದ್ರ ತಿನ್ನಾಕೂ ಬರ್ತೈತಿ," ಅಂದಳು.

ಮುಂಡರಗಿಯ ಮದುವೆ ಮನೆಯಲ್ಲಿ ನಾನು ಡಬ್ಬಿಯನ್ನು ಒಂದು ಮೂಲೆಯಲ್ಲಿಟ್ಟು ಚಪ್ಪರ ನೋಡಲು ಹೋದೆ. ಬರುವಷ್ಟರಲ್ಲಿ ಹೆಣ್ಣಿನ ಕಡೆಯ ಅತ್ತೆಯೊಬ್ಬರು ಅದನ್ನು ಅಡಿಗೆಮನೆಗೆ ಒಯ್ದು, ಮೇಲಿನ ಚುರಮುರಿಗೆ ಉಳ್ಳಾಗಡ್ಡಿ, ಖಾರ ಹಚ್ಚಿ ಬೀಗರಿಗೆ ಕೊಟ್ಟು ಬಂದಿದ್ದರು. ಎರಡನೇ ಸಲ ಕೈಹಾಕಿದಾಗ ಬೆಳ್ಳಗೆ ನುಣ್ಣಗೆ ಏನೋ ಹತ್ತಿತು. ಅತ್ತೆಯವರು ಮುಚ್ಚಳ ಹಾಕಿ ಮನೆಯ ಹಿರಿಯರನ್ನು ಕರೆದರು. ಹಿರಿಯರು ನನ್ನನ್ನು ಹಿತ್ತಲಿಗೆ ಕರೆದೊಯ್ದು ಬಹಳ ಸಮಾಧಾನದಿಂದ ಹೇಳಿದರು:

"ನಿಮ್ಮ ಊಟ ನಿಮಗ ಬಿಟ್ಟಿದ್ದರಿ. ಆದ್ರ ನಮ್ಮದು ಶುದ್ಧ ಶಾಕಾಹಾರಿ ಮನಿ. ಮದವಿ ದಿನ ತತ್ತಿ ತರಬಾರದಾಗಿತ್ತು. ಈಗ ಬೀಗರಿಗೆ ಏನಂತ ಹೇಳೂಣು?"

ಮದುವೆ ಮುರಿಯುವ ಮಾತೇ ಅದು. ನಾನು ಡಬ್ಬಿಯಿಂದ ಒಂದು "ತತ್ತಿ" ತೆಗೆದು ಫ್ಲ್ಯಾಶಿಗೆ ಹಾಕಿ ಮಿಂಚಿಸಿ ತೋರಿಸಿದೆ. ಹಿರಿಯರು ಕಣ್ಣುಜ್ಜಿಕೊಂಡು ಉಸಿರು ಬಿಟ್ಟರು. ಅಷ್ಟರಲ್ಲಿ ಗಂಡಿನ ತಂದೆಯೇ ಖಾಲಿ ತಾಟು ಹಿಡಿದು ಹಿತ್ತಲಿಗೆ ಬಂದರು. ಅವರು ಕೇಳಿದ್ದು ಇಷ್ಟೇ: "ಇಷ್ಟ ಗರಿಗರಿ ಚುರಮುರಿ ಎಲ್ಲಿಂದ ತರಿಸೀರಿ? ಇನ್ನೊಂದು ತಾಟ ಕೊಡ್ರಿ."

ಇಪ್ಪತ್ನಾಲ್ಕರಲ್ಲಿ ಒಂದು ಬಲ್ಬೂ ಒಡೆದಿರಲಿಲ್ಲ. ಬರುವಾಗ ಬಲ್ಬೂ ಉಳಿದಿರಲಿಲ್ಲ, ಚುರಮುರಿಯೂ ಉಳಿದಿರಲಿಲ್ಲ.

ಶಿರಹಟ್ಟಿ ಬಸ್ಸು

ನನ್ನ ಕ್ಯಾಮೆರಾ ಸ್ಟ್ಯಾಂಡು ಸಾಗವಾನಿ ಕಟ್ಟಿಗೆಯದು, ಮೂರು ಕಾಲು. ಬಸ್ಸಿನ ಮೇಲೆ ಹಾಕಿದರೆ ಕಾಲು ಸಡಿಲಾಗುತ್ತದೆ ಎಂದು ನಮ್ಮಾಕಿ ಅದನ್ನು ಹಳೇ ಬಟ್ಟೆ ಹೊಲಿದ ಕೌದಿಯಲ್ಲಿ ಸುತ್ತಿ, ತಲೆ ಕಡೆ ಮೆತ್ತಗೆ ಮಡಚಿ, ತೊಡೆಯ ಮೇಲೆ ಇಟ್ಟುಕೊಂಡೇ ಹೋಗಬೇಕೆಂದು ಕಟ್ಟಪ್ಪಣೆ ಮಾಡಿದಳು.

ಚಳಿಗಾಲದ ಬೆಳಗು. ಪಕ್ಕದಲ್ಲಿ ಕೂತ ಅಜ್ಜಿ ಎರಡು ಸಲ ಕೌದಿ ಎಳೆದು ಸರಿಮಾಡಿ, ಕಾಲಿಗೆ ಗಾಳಿ ಬಡಿಯುತ್ತದೆ, ಮುಚ್ಚು ಎಂದಳು. ಎಂಥ ಒಳ್ಳೆಯ ಮುದುಕಿ, ನನ್ನ ಸ್ಟ್ಯಾಂಡಿನ ಮೇಲೆ ಎಷ್ಟು ಕಾಳಜಿ ಅಂದುಕೊಂಡೆ. ಆಮೇಲೆ ಕಂಡಕ್ಟರ್ ಬಂದು ಕೌದಿ ಕಡೆ ನೋಡಿ ಕೇಳಿದ, "ಎಷ್ಟು ವರ್ಷಾತರೀ?"

ಹಳೇ ಸಾಮಾನಿನ ಮೇಲೆ ಅವನಿಗೂ ಆಸಕ್ತಿ ಎಂದು ಖುಷಿಯಾಯಿತು. "ಹದಿನೈದು ಆತು ನೋಡ್ರಿ. ಇನ್ನೂ ಗಟ್ಟಿ ಐತಿ," ಅಂದೆ.

ಅವನು ಟಿಕೀಟಿನ ಪುಸ್ತಕ ತೆಗೆದ. "ಹದಿನೈದು ವರ್ಷದವನ್ನ ತೊಡಿ ಮ್ಯಾಲ ಮಲಗಿಸ್ಕೊಂಡು ಹೊಂಟೀರಿ? ಎಬ್ಬಸ್ರಿ, ಫುಲ್ ಟಿಕೀಟ್ ಐತಿ."

ನಾನು ಕೌದಿ ಬಿಚ್ಚಿ ತೋರಿಸಿ, ಇದು ನಮ್ಮಾಕಿ ಸುತ್ತಿ ಕೊಟ್ಟದ್ದು ಅಂದೆ. ಕಂಡಕ್ಟರ್ ನಕ್ಕು ಮುಂದೆ ಹೋದ. ಅಜ್ಜಿ ಮಾತ್ರ ನಗಲಿಲ್ಲ. ಮೂರು ಕಟ್ಟಿಗೆ ಕಾಲನ್ನು ಬಹಳ ಹೊತ್ತು ನೋಡಿ, "ಕಟ್ಟಿಗಿಗೇ ಇಷ್ಟ ಜ್ವಾಕಿ ಮಾಡೂವಾಕಿ, ಕೂಸು ಹುಟ್ಟಿದ್ರ ಹೆಂಗ ನೋಡ್ಕೊಂತಾಳೋ ಏನೊ," ಅಂದಳು. ಮನೆಗೆ ಬಂದು ಇದನ್ನು ಹೇಳಿದಾಗ ನಮ್ಮಾಕಿ ನಾಚಿಕೊಂಡು ಒಳಗೆ ಹೋದಳು. ನಮ್ಮ ಮಗ ಬರುವ ಸುದ್ದಿ ನನಗೆ ತಿಳಿದದ್ದು ಹಾಗೆ.

ಮುಚ್ಚದ ಪೆಟ್ಟಿಗೆ

ಲಕ್ಷ್ಮೇಶ್ವರದ ಒಂದು ಶಾಲೆಯಲ್ಲಿ ಗ್ರೂಪ್ ಫೋಟೋ. ಹಿಂದೆ ಕಟ್ಟಿದ ಪರದೆ ಗಾಳಿಗೆ ಹಾರುತ್ತಿತ್ತು. ಹೆಡ್‌ಮಾಸ್ತರರು ಭಾರಕ್ಕೆಂದು ಸಿಕ್ಕಿದ್ದನ್ನೆಲ್ಲ ಪರದೆಯ ಅಂಚಿಗೆ ಕಟ್ಟಿಸಿದರು. ಫೋಟೋ ಮುಗಿದ ಮೇಲೆ ಗದಗಿನ ಬಸ್ಸಿಗೆ ತಡವಾಯಿತೆಂದು ನಾನು ಪರದೆಯನ್ನು ಹಾಗೇ ಸುತ್ತಿ ಪೆಟ್ಟಿಗೆಗೆ ತುರುಕಿದೆ. ಮುಚ್ಚಳ ಕೂಡಲಿಲ್ಲ. ಒಬ್ಬ ಮಾಸ್ತರರು ಮೇಲೆ ಕೂತರು. ಆಗಲಿಲ್ಲ. ಇಬ್ಬರು ಕೂತರು. ಕೊನೆಗೆ ದಪ್ಪನೆಯ ಗಣಿತದ ಮಾಸ್ತರರನ್ನು ತರಗತಿಯಿಂದ ಕರೆಸಿದ ಮೇಲೆ ಚಿಲಕ ಬಿತ್ತು.

ಮನೆಯಲ್ಲಿ ನಮ್ಮಾಕಿ ಉಬ್ಬಿದ ಮುಚ್ಚಳವನ್ನು ನೋಡಿದ ಕೂಡಲೇ, "ಇದರಾಗ ಯಾರದೋ ಸಾಮಾನು ಐತಿ," ಅಂದಳು. ತೆಗೆದರೆ ಪರದೆಯ ಮಡಿಕೆಯಲ್ಲಿ ಶಾಲೆಯ ಹಿತ್ತಾಳೆ ಗಂಟೆ.

ಮರುದಿನ ಮೊದಲ ಬಸ್ಸಿಗೆ ಅದನ್ನು ಒಯ್ದೆ. ದಾರಿಯಲ್ಲಿ ಬಸ್ಸು ಕೆಟ್ಟು, ಹೋಗುವಷ್ಟರಲ್ಲಿ ಹನ್ನೊಂದೂವರೆ. ಗಂಟೆ ಬಾರಿಸದೆ ಶಾಲೆ ಶುರುಮಾಡುವ ಪದ್ಧತಿ ಅಲ್ಲಿ ಇರಲಿಲ್ಲವಂತೆ. ಮಕ್ಕಳೆಲ್ಲ ಬೆಳಗಿನಿಂದ ಮೈದಾನದಲ್ಲಿ ಆಡುತ್ತಿದ್ದರು. ನನ್ನ ಕೈಯಲ್ಲಿ ಗಂಟೆ ಕಂಡ ಮಕ್ಕಳು ನನ್ನನ್ನು ನೋಡಿದ ರೀತಿಯಲ್ಲಿ ಇವತ್ತಿನವರೆಗೆ ಯಾವ ಶತ್ರುವೂ ನೋಡಿಲ್ಲ.

ಲಕ್ಕುಂಡಿಗೆ ಬಂದ ಪ್ರೊಫೆಸರರು

ಎಂಬತ್ತರ ದಶಕದಲ್ಲಿ ಮೈಸೂರು ಕಡೆಯ ಪ್ರೊಫೆಸರರೊಬ್ಬರು ಲಕ್ಕುಂಡಿಯ ಗುಡಿಗಳ ಫೋಟೋ ತೆಗೆಯಲು ಬಂದರು. ದಾರಿ ತೋರಿಸಲು ನಾನು. ಬುತ್ತಿ ಕಟ್ಟಿಕೊಂಡು ಗುಡಿ ನೋಡಲು ನಮ್ಮಾಕಿ. ಪ್ರೊಫೆಸರರ ಕೈಯಲ್ಲಿ ಪರದೇಶದ ಪೆಟ್ಟಿಗೆ. ಅದಕ್ಕೆ ಕೀಲಿಕೈ ಇಲ್ಲ. ಮೂರು ಅಂಕಿ ತಿರುಗಿಸಿ ಕೂಡಿಸಿದರೆ ತೆರೆಯುತ್ತದೆ. ಒಳಗೆ ಪ್ರತಿ ಸಾಮಾನಿಗೂ ಬೇರೆ ಬೇರೆ ಗೂಡು. ಅದನ್ನೆಲ್ಲ ಅವರು ಬಸ್ಸಿನಲ್ಲಿ ಬಣ್ಣಿಸಿದರು. ನಮ್ಮಾಕಿ ಬಹಳ ಗೌರವದಿಂದ ಕೇಳಿದಳು.

ಇಳಿಹೊತ್ತಿನ ಬಿಸಿಲು ಕಂಬಗಳ ಮೇಲೆ ಬಿದ್ದಿತ್ತು. ಅದು ಒಂದು ತಾಸಿನ ಬೆಳಕು. ಅವರ ರೈಲು ಅವತ್ತೇ ರಾತ್ರಿಗೆ. ಪ್ರೊಫೆಸರರು ಅಂಕಿ ತಿರುಗಿಸಿದರು. ತೆರೆಯಲಿಲ್ಲ. ಮತ್ತೆ ತಿರುಗಿಸಿದರು. ಬೆಳಿಗ್ಗೆಯಷ್ಟೇ ಹೊಸ ನಂಬರು ಹಾಕಿದ್ದರಂತೆ.

ಎಲ್ಲಾದರೂ ಬರೆದಿಟ್ಟಿದ್ದೀರಾ ಎಂದು ನಾನು ಕೇಳಿದೆ.

"ಬರೆದಿದ್ದೀನಿ. ಕಳೆದುಹೋಗಬಾರದು ಅಂತ ಚೀಟೀನ ಪೆಟ್ಟಿಗೆ ಒಳಗೇ ಇಟ್ಟಿದ್ದೀನಿ," ಅಂದರು.

ಕಲ್ಲು ತಗೊಂಡು ಒಡೆಯುವ ಪೆಟ್ಟಿಗೆ ಅದಲ್ಲ. ಅವರು ಗುಡಿಯ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತರು. ನಮ್ಮಾಕಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸೊನ್ನೆ-ಸೊನ್ನೆ-ಸೊನ್ನೆಯಿಂದ ಶುರುಮಾಡಿದಳು. ಮಗ್ಗದ ಎಳೆ ಎಣಿಸಿದ ಬೆರಳು. ಒಂದು ಅಂಕಿಯೂ ತಪ್ಪಲಿಲ್ಲ, ಬೇಸರವೂ ಇಲ್ಲ. ಅರ್ಧ ತಾಸಿಗೆ ನಾಲ್ಕು ನೂರಾ ಹನ್ನೆರಡಕ್ಕೆ ಬಂದಾಗ ಟಪ್ ಅಂತ ತೆರೆಯಿತು. ಪ್ರೊಫೆಸರರು ಅವಳಿಗೆ ಕೈಮುಗಿದು ಓಡಿದರು. ಉಳಿದ ಬೆಳಕಿನಲ್ಲಿ ಎರಡು ರೀಲು ಮುಗಿಸಿದರು.

ಗದಗ ಸ್ಟೇಷನ್ನಿನಲ್ಲಿ ರೈಲು ಬಂತು. ನಮ್ಮಾಕಿಗೆ ಏನೋ ಸಂಶಯ. "ಸರ್, ಆ ಚೀಟಿ ಎಲ್ಲೈತಿರಿ?"

"ಭದ್ರವಾಗಿ ಒಳಗಿಟ್ಟು ಬೀಗ ಹಾಕಿದ್ದೀನಮ್ಮ," ಅಂದರು.

ಅವಳು ನನ್ನ ಜೇಬಿನಿಂದ ಪೆನ್ನು ತಗೊಂಡು, ಅವರ ಅಂಗೈ ಹಿಡಿದು, ದೊಡ್ಡದಾಗಿ ನಂಬರು ಬರೆದಳು. ರೈಲು ಹೊರಟಿತು. ಅವರು ಅದೇ ಕೈ ಬೀಸುತ್ತಾ ಹೋದರು.

ವಾರದ ಮೇಲೆ ಕಾರ್ಡು ಬಂತು. ಪ್ರಯಾಣ ಸುಖಕರವಾಯಿತು, ನಿಮ್ಮ ಮನೆಯವರ ಉಪಕಾರ ಮರೆಯಲಾರೆ, ಊರಿಗೆ ಬಂದು ಸ್ನಾನ ಮಾಡಿದೆ, ದಯವಿಟ್ಟು ನಂಬರು ತಿಳಿಸಿ ಎಂದಿತ್ತು.

ನಮ್ಮಾಕಿ ಹೇಳುತ್ತಾ ಹೋದಳು, ನಾನು ಉತ್ತರ ಬರೆದೆ: "ನಾಲ್ಕು, ಒಂದು, ಎರಡು. ಈ ಕಾರ್ಡನ್ನು ಪೆಟ್ಟಿಗೆಯೊಳಗೆ ಇಡಬಾರದೆಂದು ವಿನಂತಿ."