ಕುರ್ಚಿಯಡಿಯ ಬಿಲ್ಲೆಗೆ, ಅಲುಗಾಡದೆ ಓದುವವರ ಪರವಾಗಿ

ನಮ್ಮ ಗ್ರಂಥಾಲಯದ ಓದುವ ಕೊಠಡಿಯಲ್ಲಿ, ಪ್ರತಿಯೊಂದು ಕುರ್ಚಿಯ ಮೆತ್ತೆಯಡಿ ವಿರಾಜಮಾನರಾಗಿ, ಯಾರಾದರೂ ಕುಳಿತರೆ ವಿದ್ಯುತ್ತಿನಿಂದ ಸುದ್ದಿ ಮುಟ್ಟಿಸುವ ಪೀಜೋ ಬಿಲ್ಲೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ಸವಿನಯ ವಂದನೆಗಳು. ಊರಿನವರ ಭಾರವನ್ನೆಲ್ಲ ಹೊತ್ತೂ ತಾವು ಕ್ಷೇಮವಾಗಿದ್ದೀರಿ ಎಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಅದೇ ಕೊಠಡಿಯ ಸಹಾಯಕಿ. ಬಾಗಿಲ ಪಕ್ಕದ ಮೇಜಿನಲ್ಲಿ ಕೂರುತ್ತೇನೆ, ತಮ್ಮ ಗಮನಕ್ಕೆ ಬಂದಿರಲಾರೆ.

ಇಂದು ಬೆಳಿಗ್ಗೆ ಒಲೆ ಹಚ್ಚಲು ಲೈಟರ್ ಎತ್ತಿಕೊಂಡವಳು ಅದರ ಗುಂಡಿಯನ್ನು ಅರ್ಧ ಒತ್ತಿ, ಏನೋ ಯೋಚಿಸುತ್ತ ಹಾಗೇ ಹಿಡಿದು ನಿಂತೆ. ಬೆರಳು ನೋಯುವಷ್ಟು ಒತ್ತಿ ಹಿಡಿದರೂ ಒಂದು ಕಿಡಿ ಇಲ್ಲ. "ಅದನ್ನೇನು ಮುದ್ದು ಮಾಡ್ತಾ ನಿಂತಿದ್ದೀಯೇ? ಟಕ್ ಅನ್ನಿಸು!" ಎಂದು ಅಮ್ಮ ಕಿತ್ತುಕೊಂಡು ಒತ್ತಿದ್ದೇ, ಒಳಗಿನ ಪುಟ್ಟ ಸುತ್ತಿಗೆ ಅಲ್ಲಿ ವಾಸವಾಗಿರುವ ತಮ್ಮ ಬಂಧುವಿನ ತಲೆಗೆ ಬಡಿಯಿತು, ಒಲೆ ಹೊತ್ತಿಕೊಂಡಿತು. ಜನ ಕುಳಿತಿದ್ದರೂ ತಾವು ಕುರ್ಚಿ ಖಾಲಿ ಎನ್ನುವುದೇಕೆಂದು ಇಷ್ಟು ದಿನ ನನ್ನನ್ನು ಕಾಡುತ್ತಿದ್ದ ಒಗಟು ಅಲ್ಲಿಗೆ ಬಗೆಹರಿಯಿತು. ತಮ್ಮ ವಂಶದವರಿಗೆ ಪೆಟ್ಟು ಗೊತ್ತಾಗುತ್ತದೆ, ಭಾರ ಗೊತ್ತಾಗುವುದಿಲ್ಲ. ಒತ್ತಡ ಬಂದ ಗಳಿಗೆ ಮತ್ತು ಹೋದ ಗಳಿಗೆ ತಾವು ಚುರುಕಾಗಿ ಒಂದಿಷ್ಟು ವಿದ್ಯುತ್ ಹುಟ್ಟಿಸುತ್ತೀರಿ. ಅದೇ ಒತ್ತಡ ಅಲ್ಲೇ ಉಳಿದುಬಿಟ್ಟರೆ ಹುಟ್ಟಿದ್ದೆಲ್ಲ ಸೋರಿಹೋಗಿ, ಮೇಲೆ ಯಾರೂ ಇಲ್ಲವೆಂದೇ ತೀರ್ಮಾನಿಸುತ್ತೀರಿ.

ತಮ್ಮ ಮನೆತನದ ಬಗ್ಗೆ ನನಗೆ ಅಪಾರ ಗೌರವವಿದೆ. ನನ್ನ ಕೈಗಡಿಯಾರದೊಳಗಿನ ತಮ್ಮ ದಾಯಾದಿ, ಕ್ವಾರ್ಟ್ಜ್ ಹರಳು, ಬ್ಯಾಟರಿ ಕೊಡುವ ತುತ್ತು ವಿದ್ಯುತ್ ಉಂಡು ಒಂದೇ ಸಮನೆ ಅದುರುತ್ತ, ನಾನು ಕೆಲಸಕ್ಕೆ ತಡವಾಗಿದ್ದೇನೆಂದು ತಪ್ಪದೆ ತಿಳಿಸುತ್ತದೆ. ಕಳೆದ ತಿಂಗಳು ಅತ್ತಿಗೆಯನ್ನು ಸ್ಕ್ಯಾನಿಂಗಿಗೆ ಕರೆದೊಯ್ದಾಗ, ಅವಳ ಹೊಟ್ಟೆಯ ಮೇಲೆ ಓಡಾಡಿದ ಆ ಹಿಡಿಯ ತುದಿಯಲ್ಲಿ ಸಾಲಾಗಿ ಕುಳಿತಿದ್ದ ತಮ್ಮ ಸೋದರಿಯರು ಕಿವಿಗೆ ಕೇಳಿಸದ ಸದ್ದನ್ನು ಒಳಗೆ ಕಳಿಸಿ, ಮರಳಿ ಬಂದ ಪ್ರತಿಧ್ವನಿಯನ್ನು ಹಿಡಿದು, ಮಗುವಿನ ಹಿಮ್ಮಡಿಯನ್ನು ಪರದೆಯ ಮೇಲೆ ತೋರಿಸಿದರು. "ನೋಡೇ, ಹೆಂಗೆ ಒದೀತಿದೆ! ಅತ್ತೆ ಥರ ಮೂಲೆ ಹಿಡಿದು ಕೂರೋ ಜಾತಿ ಅಲ್ಲ" ಎಂದು ಅಣ್ಣ ನನ್ನನ್ನು ಚುಚ್ಚಲು ಆ ಹೊತ್ತನ್ನೂ ಬಿಡಲಿಲ್ಲ. ಇನ್ನೂ ಹುಟ್ಟದವರನ್ನು ಪತ್ತೆಹಚ್ಚಿದ ಮನೆತನಕ್ಕೆ, ಹುಟ್ಟಿ, ಬೆಳೆದು, ತಮ್ಮ ನೆತ್ತಿಯ ಮೇಲೆಯೇ ಕುಳಿತವರು ಕಾಣದಿರುವುದು ತಮ್ಮ ವಿನಯವೇ ಇರಬೇಕು.

ತಮ್ಮನ್ನು ನೇಮಿಸಿದ ದಿನ ಹಿತ್ತಾಳೆಯ ತೆಳು ತಗಡಿಗೆ ಅಂಟಿದ ತಮ್ಮ ಬಿಳಿ ಮುಖವನ್ನು ನಾನೂ ಕಂಡೆ. ಒಬ್ಬರು ಕುಳಿತರೆ ತಾವು ಸುದ್ದಿ ಮುಟ್ಟಿಸುವುದು, ಅವರ ತಲೆಯ ಮೇಲಿನ ದೀಪ ಹೊತ್ತಿಕೊಳ್ಳುವುದು, ತಮ್ಮಿಂದ ಕೆಲಹೊತ್ತು ಸುದ್ದಿ ಬಾರದಿದ್ದರೆ ದೀಪ ಆರಿ, ಗೋಡೆಯ ಫಲಕದಲ್ಲಿ ಆ ಕುರ್ಚಿ 'ಖಾಲಿ' ಎಂದು ಬರುವುದು, ಇದು ಏರ್ಪಾಡು. ಬೇರೆ ಜಾತಿಯ ಸೆನ್ಸರ್ ಹಾಕಿದ್ದರೆ ಭಾರ ಇರುವಷ್ಟು ಹೊತ್ತೂ ಹೇಳುತ್ತಿತ್ತಂತೆ. ತಾವು ಅಗ್ಗವಾಗಿ ಸಿಕ್ಕಿರಿ.

ಅಂದಿನಿಂದ ನಮ್ಮ ಕೊಠಡಿಯಲ್ಲಿ ಒಂದು ಹೊಸ ಸಂಪ್ರದಾಯ ಬೆಳೆದಿದೆ. ದೀಪಗಳು ಒಂದೊಂದಾಗಿ ಆರತೊಡಗಿದಾಗ ನಾನು ತಾರೀಖಿನ ಮೊಹರನ್ನು ಮೇಜಿನ ಮೇಲೆ ಒಮ್ಮೆ ಕುಟ್ಟುತ್ತೇನೆ. ಓದುಗರೆಲ್ಲ ಪುಸ್ತಕದಿಂದ ಕಣ್ಣು ಕೀಳದೆ, ನ್ಯಾಯಾಧೀಶರು ಒಳಬಂದರೆಂಬಂತೆ ಅರ್ಧ ಎದ್ದು, ದೊಪ್ಪೆಂದು ಕೂರುತ್ತಾರೆ. ಬೆಳಕು ಮರಳುತ್ತದೆ. ಓದಿನಲ್ಲಿ ಮುಳುಗಿದವರಿಗೆ ಮಾತ್ರ ಮೊಹರಿನ ಸದ್ದು ಕೇಳಿಸುವುದಿಲ್ಲವಾದ್ದರಿಂದ, ಹೆಚ್ಚು ಓದುವವರು ಹೆಚ್ಚು ಗೈರುಹಾಜರಾಗುತ್ತಾರೆ.

ಕಿಟಕಿಯ ಪಕ್ಕದಲ್ಲಿ ಕೂರುವ ನರ್ಸಕ್ಕನನ್ನು, ಅವರು ಬಂದು ಕೂರುವ ಗಳಿಗೆ ಬಿಟ್ಟರೆ, ತಾವು ಒಮ್ಮೆಯೂ ಭೇಟಿಯಾಗಿಲ್ಲವೆಂದು ಫಲಕ ಹೇಳುತ್ತದೆ. ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೆ ಬಂದು, ಚಪ್ಪಲಿ ಬಿಟ್ಟು, ಕಾಲು ಮಡಚಿ ಕುಳಿತರೆಂದರೆ ದಪ್ಪ ಕಾದಂಬರಿಯೊಳಗೆ ಇಳಿದುಬಿಡುತ್ತಾರೆ. ಅವರ ಮನೆಯಲ್ಲಿ ಎರಡು ಕೋಣೆ, ಒಂದು ಟಿವಿ, ಅತ್ತೆ, ಮಾವ, ಮೂರು ಮಕ್ಕಳು. ಒಮ್ಮೆ ಎದ್ದು ಕೂರುವಂತೆ ನಾನು ಕಿವಿಯ ಬಳಿ ಪಿಸುಗುಟ್ಟಿದಾಗ ಅವರು, "ರಾತ್ರಿಯೆಲ್ಲ ಎದ್ದೆದ್ದು ಓಡಿದ್ದೀನಿ ಕಣೇ ಪುಟ್ಟೀ, ಇಲ್ಲಿ ಯಾರೂ ಸಿಸ್ಟರ್ ಅಂತ ಕೂಗಲ್ಲ, ಅಮ್ಮಾ ಅಂತಾನೂ ಕೂಗಲ್ಲ, ದೀಪ ಹೋದ್ರೆ ಹೋಗ್ಲಿ ಬಿಡು" ಎಂದು ಪುಟವನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡರು.

ಇತ್ತ ಹೊರಗಿನ ಹಜಾರದ ಫೋನ್ ಚಾರ್ಜ್ ಮಾಡುವ ಮೂಲೆಯಲ್ಲಿ, ಅಲ್ಲಿಯೂ ತಾವೇ ಇರುವ ಕುರ್ಚಿಯ ಮೇಲೆ, ಒಂದು ಪುಸ್ತಕವನ್ನೂ ಮುಟ್ಟದೆ ಕಾಲು ಕುಣಿಸುತ್ತ ಕೂರುವ, ನಾವೆಲ್ಲ 'ಹೊಲಿಗೆ ಯಂತ್ರ' ಎಂದು ಕರೆಯುವ ಹಿರಿಯರೊಬ್ಬರಿದ್ದಾರೆ. ತಮ್ಮ ವರದಿಯ ಪ್ರಕಾರ ಅವರೊಬ್ಬರೇ ಒಂದು ದೊಡ್ಡ ಜನಸಮೂಹ. ಈ ಸುದ್ದಿ ಕೇಳಿ ಅವರು ಸಂಕೋಚದಿಂದ ಎರಡೂ ಕಾಲು ಕುಣಿಸಿದರು.

ಈ ಲೆಕ್ಕ ಕಂಡು ಗ್ರಂಥಾಲಯ ಸಮಿತಿಯವರು ಆ ಫೋನಿನ ಮೂಲೆಯನ್ನು ವಿಸ್ತರಿಸಲು, ಓದುವ ಕೊಠಡಿಗೆ ಬೀಗ ಹಾಕಲು ನಿರ್ಧರಿಸಿದ್ದಾರೆ. ಸೋಮವಾರ ಅಧ್ಯಕ್ಷರು ನಮ್ಮ ಕೊಠಡಿಗೇ ಬಂದು ಕೊನೆಯದಾಗಿ ಪರಿಶೀಲಿಸಿ ಸಹಿ ಮಾಡುವವರಿದ್ದಾರೆ. "ಸರ್, ಕೂತಿರ್ತಾರೆ ಸರ್, ಅಲ್ಲಾಡಲ್ಲ ಅಷ್ಟೆ" ಎಂದು ನಮ್ಮ ಮುಖ್ಯಸ್ಥರ ಮುಂದೆ ನಾನು ಹೇಳಿದ್ದುಂಟು. "ಏನಮ್ಮಾ? ಜೋರಾಗಿ ಹೇಳು" ಎಂದರು. ಅಷ್ಟರಲ್ಲಿ ನನ್ನ ಮಾತು ಸೋರಿಹೋಗಿತ್ತು. "ನೋಡಮ್ಮಾ, ಯಂತ್ರ ಸುಳ್ಳು ಹೇಳಲ್ಲ, ಅದಕ್ಕೇನು ನೆಂಟರಾ ಇಷ್ಟರಾ?" ಎಂದು ಅವರೇ ಮುಗಿಸಿದರು. ತಮ್ಮ ನೆಂಟರಿಷ್ಟರ ವಿವರವನ್ನು ಮೇಲೆ ಕೊಟ್ಟಿದ್ದೇನೆ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ವಿನಂತಿ ಇಷ್ಟೆ: ಸುಮ್ಮನೆ ಕುಳಿತವರ ಭಾರವನ್ನು ದಯವಿಟ್ಟು ಸ್ವಲ್ಪ ಹೆಚ್ಚು ಹೊತ್ತು ನೆನಪಿಟ್ಟುಕೊಳ್ಳಿ. ಅದು ತಮ್ಮ ಹರಳಿನ ಜಾಯಮಾನಕ್ಕೆ ಒಗ್ಗದಿದ್ದರೆ, ಓದುವಾಗ ಮನುಷ್ಯರೊಳಗೆ ಆಗುವ ಸಣ್ಣಪುಟ್ಟ ಕಂಪನಗಳನ್ನಾದರೂ ಗ್ರಹಿಸಿ. ನರ್ಸಕ್ಕ ಮೊನ್ನೆ ಒಂದು ಪುಟದಲ್ಲಿ ಕಣ್ಣೊರೆಸಿಕೊಂಡರು, ತಮ್ಮ ಸೋದರಿಯರಾಗಿದ್ದರೆ ಚಿತ್ರವನ್ನೇ ತೆಗೆದುಕೊಡುತ್ತಿದ್ದರು. ಅದೂ ಆಗದೆಂದಾದರೆ ತಾವು ಮೆತ್ತೆಯ ಮೇಲಕ್ಕೆ ಬಂದು, ಒಂದು ಕಾದಂಬರಿ ಹಿಡಿದು, ಕೊನೆಯವರೆಗೆ ಅಲ್ಲಾಡದೆ ಕುಳಿತು ನೋಡಬೇಕೆಂದು ಕೋರುತ್ತೇನೆ. ತಮ್ಮ ಕೆಳಗೆ ನಾನು ಕೂರುತ್ತೇನೆ. ತಾವು ಇದ್ದೀರೆಂದು ಸಮಿತಿಗೆ ಖಂಡಿತ ತಿಳಿಸುತ್ತೇನೆ.

ತಮ್ಮ ಮೇಲೆ ಸದಾ ಸದ್ದಿಲ್ಲದೆ ಕೂರುವ,
ತಮ್ಮ ವಿಶ್ವಾಸಿ,
ಓದುವ ಕೊಠಡಿಯ ಸಹಾಯಕಿ

ವಿ.ಸೂ.: ಸಹಿಗೆ ಮೊದಲು ವರದಿಯನ್ನು ಅಧ್ಯಕ್ಷರಿಗೆ ಯಾರಾದರೂ ಓದಿ ಹೇಳಬೇಕಂತೆ. ನಾನೇ ಓದುತ್ತೇನೆಂದು ಇಂದು ಮಧ್ಯಾಹ್ನ ಮುಖ್ಯಸ್ಥರಿಗೆ ಹೇಳಿದೆ. ಅವರಿಗೆ ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಿದೆ. ಅಧ್ಯಕ್ಷರು ಗಂಭೀರ ಸ್ವಭಾವದವರು, ಸಭೆಯಲ್ಲಿ ಚಹಾ ಬರುವವರೆಗೆ ರೆಪ್ಪೆ ಬಿಟ್ಟರೆ ಅವರದೇನೂ ಅಲುಗುವುದಿಲ್ಲವೆಂದು ಪ್ರಸಿದ್ಧಿ. ಅವರಿಗೆ ಕಿಟಕಿಯ ಪಕ್ಕದ ಕುರ್ಚಿಯನ್ನು ಫಲಕದತ್ತ ತಿರುಗಿಸಿ ಇಡಲಾಗುವುದು. ಆದಕಾರಣ ನನ್ನ ವಿನಂತಿಗಳನ್ನೆಲ್ಲ ಸೋಮವಾರ ಸಂಜೆಯವರೆಗೆ ತಡೆಹಿಡಿದು, ತಾವು ಈಗಿರುವಂತೆಯೇ ಇರಬೇಕಾಗಿ ಪ್ರಾರ್ಥನೆ. ಪತ್ರವನ್ನು ಸೂಚನಾ ಫಲಕಕ್ಕೆ ಹಚ್ಚುವುದೂ ಆಮೇಲೆಯೇ. ನನ್ನ ದನಿ ಸಣ್ಣದು, ಕೇಳಿಸಬೇಕೆಂದರೆ ಅಲ್ಲಾಡದೆ ಕೂರಬೇಕು. ಅಧ್ಯಕ್ಷರ ತಲೆಯ ಮೇಲಿನ ದೀಪ ಆರಿ, ಅವರು ಕುಳಿತ ಕುರ್ಚಿ ಖಾಲಿಯೆಂದು ಅವರೇ ಓದಿಕೊಳ್ಳುವವರೆಗೆ ನಾನು ವರದಿ ಮುಗಿಸುವುದಿಲ್ಲ.