ಆರೋಗ್ಯದ ಗುಂಪಿಗೆ ನಾನು ಅಡ್ಮಿನ್ ಆದದ್ದು

ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದಷ್ಟು ವರ್ಷ ನಾನು ಇಷ್ಟು ಹೆದರಿರಲಿಲ್ಲ. ನಿವೃತ್ತಿಯಾದ ಮೇಲೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಪರಿಚಯದವರು ವಾಟ್ಸಾಪಿನಲ್ಲಿ ಆರೋಗ್ಯದ ಗುಂಪು ಮಾಡಿ ನನ್ನನ್ನು ಅಡ್ಮಿನ್ ಮಾಡಿದರು. ತಪ್ಪು ಸಲಹೆ ಬಂದರೆ ಅಳಿಸುವುದು ನನ್ನ ಕೆಲಸ. ಅಳಿಸುವಷ್ಟರಲ್ಲಿ ಯಾರಾದರೂ ಅದನ್ನು ಮಾಡಿಯೇ ಬಿಟ್ಟಿದ್ದರೆ? ಫೋನು ಟಿಣ್ ಅಂದರೆ ಸಾಕು, ಎದೆ ಧಸಕ್ ಅನ್ನುತ್ತದೆ. ಅದು ಟಿಣ್ ಅನ್ನದ ದಿನವೇ ಇಲ್ಲ.

ಉರಿ

ಬೆಂಗಳೂರಿನಿಂದ ಬ್ಯಾಡಗಿಗೆ ವರ್ಗವಾಗಿ ಬಂದ ಬ್ಯಾಂಕಿನವರೊಬ್ಬರು ಬರೆದರು: "ಎರಡು ದಿನದಿಂದ ಕಣ್ಣು, ಗಂಟಲು ಉರಿ. ಸೀನು ನಿಲ್ತಿಲ್ಲ."

ಒಬ್ಬರು ಕಣ್ಣಿಗೆ ಜೇನು ಬಿಡಲು ಹೇಳಿದರು. ಇನ್ನೊಬ್ಬರು, "ಹೊಸಾ ಜಡ್ಡು ಬಂದೈತಿ, ಲಗೂ ಹುಬ್ಬಳ್ಳಿಗೆ ಹೋಗ್ರಿ" ಅಂದರು. ನಾನು ಜೇನು ಅಳಿಸಿ, ಬ್ಯಾಂಕಿನವರಿಗೆ ಫೋನು ಮಾಡಿದೆ.

"ಮನಿ ಎಲ್ಲಿ ಮಾಡೀರಿ?"

"ಮೆಣಸಿನಕಾಯಿ ಗೋದಾಮಿನ ಮೇಲ್ಗಡೆ ಮೇಡಂ. ಗಾಳಿ ಚೆನ್ನಾಗಿ ಬರುತ್ತೆ ಅಂತ ಹಿಡಿದೆ."

ಕಷಾಯ

ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಯಾವುದೋ ಎಲೆಯ ಕಷಾಯ ಕುಡಿಯಿರಿ ಎಂದು ಒಬ್ಬರು ಹಾಕಿದ್ದರು. ಅಳಿಸುವಷ್ಟರಲ್ಲಿ ರಾಣೆಬೆನ್ನೂರಿನ ಅಕ್ಕ ಒಬ್ಬರು, "ಮಾಡೇನಿ, ಭಾಳ ಛಲೋ ಐತಿ" ಎಂದು ಬರೆದುಬಿಟ್ಟಿದ್ದರು. ಅವರಿಗೆ ಸಕ್ಕರೆ ಜಾಸ್ತಿಯೇ ಇದೆ. ಕೂಡಲೇ ಫೋನು ಮಾಡಿದೆ.

"ಅಕ್ಕಾರ, ಮಾತ್ರಿ ಬಿಟ್ರೇನ್ರಿ?"

"ಇಲ್ಲವ್ವಾ, ನಾ ಯಾಕ ಬಿಡಲಿ? ಕಷಾಯ ನಮ್ಮ ಮನಿಯವರಿಗೆ ಕುಡಿಸೇನಿ."

"ಅವರಿಗೂ ಸಕ್ಕರಿ ಐತೇನ್ರಿ?"

"ಏನೂ ಇಲ್ಲ. ಗಟ್ಟಿ ಅದಾರ. ಮೊದಲ ಅವರಿಗೆ ಏನಾಗ್ತೈತಿ ನೋಡೋಣು ಅಂತ."

ಮಾಸ್ತರರು

ಹಾವೇರಿಯಲ್ಲಿ ಒಬ್ಬರೇ ಇರುವ ನಿವೃತ್ತ ಮಾಸ್ತರರು ದಿನಾ ಬೆಳಿಗ್ಗೆ ಏಳಕ್ಕೆ ತಮ್ಮ ಬಿ.ಪಿ. ಎಷ್ಟೆಂದು ಗುಂಪಿಗೆ ಹಾಕುವವರು. ಒಂದು ದಿನ ಎಂಟಾದರೂ ಹಾಕಲಿಲ್ಲ. ಫೋನು ಎತ್ತಲಿಲ್ಲ. "ಮಾಸ್ತರ ಎಲ್ಲಿ?" ಎಂದು ಒಬ್ಬರು ಕೇಳಿದರು. "ಹೋಗಿರಬೇಕು" ಎಂದು ಇನ್ನೊಬ್ಬರು ಬರೆದರು. ಎಲ್ಲಿಗೆ ಎಂದು ಬರೆಯಲಿಲ್ಲ. ಕೆಳಗೆ ಒಂದು "ಓಂ ಶಾಂತಿ" ಬಿತ್ತು, ಅದರ ಹಿಂದೆಯೇ ಸಾಲುಸಾಲಾಗಿ ಬಂದವು.

ಅಳಿಸಬೇಕೋ ಅಳಬೇಕೋ ತಿಳಿಯದೆ, ಫೋನು ಚೀಲಕ್ಕೆ ತುರುಕಿ ಆಟೋ ಹತ್ತಿದೆ. ದಾರಿಯುದ್ದಕ್ಕೂ ಚೀಲದೊಳಗೆ ಟಿಣ್ ಟಿಣ್.

ಮಾಸ್ತರರು ಕಟ್ಟೆಯ ಮೇಲೆ ಕೂತು ಬಿ.ಪಿ. ಮಷೀನಿಗೆ ಹೊಸ ಸೆಲ್ ಹಾಕುತ್ತಿದ್ದರು. ಹಳೆಯವು ಮುಗಿದಿದ್ದವಂತೆ, ಫೋನು ಮನೆಯಲ್ಲೇ ಬಿಟ್ಟು ಅಂಗಡಿಗೆ ಹೋಗಿದ್ದರಂತೆ. ನನ್ನನ್ನು ಕಂಡವರೇ ಮುಖ ಸಣ್ಣದು ಮಾಡಿಕೊಂಡರು.

"ಬರ್ರಿ ಸಿಸ್ಟರ್, ಕುಂದ್ರಿ. ಪಾಪ, ಯಾರ್ರಿ ಹೋದವರು?"

ಫೋನು ತೆಗೆದು ನೋಡಿದೆ. ಕಟ್ಟಕಡೆಯ "ಓಂ ಶಾಂತಿ" ಮಾಸ್ತರರದೇ.

"ಎಲ್ಲಾರೂ ಹಾಕ್ಯಾರ, ನಾ ಒಬ್ಬನ ಹಾಕ್ಲಿಲ್ಲಂದ್ರ ಹೋದವರ ಮನಿಯವರು ಏನ ತಿಳಕೊಂಡಾರು?" ಅಂದರು.